ಹಳೆಯ ಟ್ರಾನ್ಸ್‌ಮಿಟರ್ ಏನು ಮಾಡುವುದು? ಮಾರಾಟ, ದಾನ, ವಾಪಸಾತಿ, ಗುಜರಿ: ಯಾರಿಗೆ ಯಾವುದು ಸರಿ

ಟ್ರಾನ್ಸ್‌ಮಿಟರ್ ಅಂದರೆ ಗಾಳಿಗೆ ಸಿಗ್ನಲ್ ಬಿಡುವ ಯಂತ್ರ. ಇಂಥ ಪ್ರಸಾರದ ಸಾಮಾನು ಬಹಳ ಸಲ ಕೆಡುವ ಮೊದಲೇ ಹಳೆಯದಾಗುತ್ತದೆ. ಅಮೆರಿಕದ ದೊಡ್ಡ ಟಿವಿ ಕೇಂದ್ರಗಳ ಅನಲಾಗ್ ಪ್ರಸಾರ 2009ರ ಜೂನ್ 12ಕ್ಕೆ ನಿಂತಿತು. ಬ್ರಿಟನ್ನಿನದು 2012ರ ಅಕ್ಟೋಬರ್‌ನಲ್ಲಿ ಮುಗಿಯಿತು. ನಾರ್ವೆಯ ರಾಷ್ಟ್ರೀಯ ಎಫ್‌ಎಂ ಚಾನೆಲ್‌ಗಳು 2017ರಲ್ಲಿ ಬಂದ್ ಆದವು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ರೇಡಿಯೋ 2024ರ ಕೊನೆಗೆ ಎಫ್‌ಎಂ ಬಿಟ್ಟಿತು. ವೈರ್‌ಲೆಸ್ ಮೈಕ್‌ಗಳಿಗೂ ಇದೇ ಗತಿ. ಅವು ಓಡುತ್ತಿದ್ದ ಫ್ರೀಕ್ವೆನ್ಸಿಗಳು ಹರಾಜಿನಲ್ಲಿ ಮೊಬೈಲ್ ಕಂಪನಿಗಳ ಪಾಲಾದವು. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಮೈಕ್‌ಗಳ ಬಳಕೆ 2010ರ ಜೂನ್‌ನಲ್ಲಿ ನಿಂತಿತು. 600 ಮೆಗಾಹರ್ಟ್ಸ್ ಮೈಕ್‌ಗಳಲ್ಲಿ ಹೆಚ್ಚಿನವು 2020ರ ಜುಲೈ 13ರ ನಂತರ ಕಾನೂನುಬಾಹಿರವಾದವು. ಹಿಂದಿನ ರಾತ್ರಿಯವರೆಗೆ ಸರಿಯಾಗಿ ಓಡಿದ ಯಂತ್ರ ಬೆಳಗಾಗುವಷ್ಟರಲ್ಲಿ ಮೂಲೆ ಸೇರುತ್ತದೆ.

ಅಲ್ಲಿಂದ ತಲೆನೋವು ಶುರು. ಮಾರಬೇಕಾ? ಯಾರಿಗಾದರೂ ಕೊಡಬೇಕಾ? ಗುಜರಿಗೆ ಹಾಕಬೇಕಾ? ಹಾಗೇ ಬಟ್ಟೆ ಮುಚ್ಚಿ ಇಟ್ಟುಕೊಳ್ಳಬೇಕಾ? ಸಣ್ಣ ರೇಡಿಯೋ ಕೇಂದ್ರದವರು, ಕಾಲೇಜು ಸ್ಟುಡಿಯೋದವರು, ರಂಗಮಂದಿರ ನಡೆಸುವವರು, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು ಎಲ್ಲರೂ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೂಮಿನಲ್ಲಿರುವುದನ್ನೆಲ್ಲ ಒಂದೇ ಲಾಟ್ ಮಾಡಿ ಒಬ್ಬರ ಕೈಗೆ ಕೊಡುವುದೇ ಇದರಲ್ಲಿ ಅತಿ ಕೆಟ್ಟ ದಾರಿ. ಆದರೆ ಎಲ್ಲರಿಗೂ ಸುಲಭ ಅನಿಸುವುದು ಅದೇ. ಸಿಗ್ನಲ್ ಬಿಡುವ ಭಾಗ ಒಂದು ದಾರಿ ಹಿಡಿಯಬೇಕು, ವಿಷವಿರುವ ಭಾಗ ಇನ್ನೊಂದು ದಾರಿ, ಬರೀ ಲೋಹ ಮೂರನೆಯದು. ಹೀಗೆ ಬಿಡಿಸಿ ನೋಡಿದರೆ ಆಯ್ಕೆ ಅರ್ಧ ಸಲೀಸಾಗುತ್ತದೆ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಕಾನೂನು. ರೇಡಿಯೋ ಸಾಮಾನಿನ ಮೇಲೆ ದೇಶಗಳು ಹಿಡಿತ ಇಡುವ ರೀತಿ ಮುಖ್ಯವಾಗಿ ಮೂರು. ಕೆಲವು ಕಡೆ ಯಂತ್ರವನ್ನು ಬರೀ ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು. ಭಾರತದ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಈ ಜಾತಿಯದು. ಅದರ ಜಾಗಕ್ಕೆಂದು ತಂದ 2023ರ ಟೆಲಿಕಮ್ಯುನಿಕೇಶನ್ಸ್ ಕಾಯ್ದೆಯಲ್ಲೂ ರೇಡಿಯೋ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕು ಎಂಬ ಮಾತು ಉಳಿದಿದೆ. ಇನ್ನು ಕೆಲವು ಕಡೆ ಕಾನೂನಿನ ಕಣ್ಣು ಇರುವುದು ಬಳಕೆಯ ಮೇಲೆ. ಬ್ರಿಟನ್ನಿನ 2006ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಯಂತ್ರ ಕೂರಿಸುವುದು, ಓಡಿಸುವುದು ತಪ್ಪು. ಮೂರನೆಯ ರೀತಿಯಲ್ಲಿ ಹಿಡಿತ ಇರುವುದು ಮಾರಾಟದ ಮೇಲೆ. ಅಮೆರಿಕದಲ್ಲಿ ರೇಡಿಯೋ, ಟಿವಿ, ಫೋನ್ ನಿಯಂತ್ರಿಸುವ ಸಂಸ್ಥೆ ಎಫ್‌ಸಿಸಿಯ ನಿಯಮದಲ್ಲಿ ಮಾನ್ಯತೆ ಇಲ್ಲದ ರೇಡಿಯೋ ಸಾಧನವನ್ನು ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದರೂ ತಪ್ಪು, ಬಾಡಿಗೆಗೆ ಕೊಟ್ಟರೂ ತಪ್ಪು. ಹೆಚ್ಚಿನ ದೇಶಗಳಲ್ಲಿ ಈ ಮೂರೂ ಬೇರೆ ಬೇರೆ ಅಳತೆಯಲ್ಲಿ ಬೆರೆತಿರುತ್ತವೆ.

ಹಾಗಾಗಿ ನಿಮ್ಮ ದೇಶದ ಸ್ಪೆಕ್ಟ್ರಮ್ ಇಲಾಖೆಗೆ (ರೇಡಿಯೋ ಫ್ರೀಕ್ವೆನ್ಸಿ ಹಂಚಿ ಲೈಸೆನ್ಸ್ ಕೊಡುವ ಇಲಾಖೆ) ಮೂರು ಪ್ರಶ್ನೆ ಬರೆದು ಕಳಿಸಿ. ಲೈಸೆನ್ಸ್ ಮುಗಿದ ಮೇಲೆ ಇದನ್ನು ನಾನು ಇಟ್ಟುಕೊಳ್ಳಬಹುದಾ? ಕೊಳ್ಳುವವರಿಗೆ ಮೊದಲೇ ಲೈಸೆನ್ಸ್ ಇರಬೇಕಾ? ಈ ಮಾದರಿಯ ಮಾನ್ಯತೆ ಈಗಲೂ ಚಾಲ್ತಿಯಲ್ಲಿದೆಯಾ? ಉತ್ತರ ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ "ಏನೂ ಆಗಲ್ಲ ಬಿಡಿ" ಎಂದ ಮಾತು ನಾಳೆ ಸಾಕ್ಷಿಗೆ ಬರುವುದಿಲ್ಲ.

ಎರಡನೆಯದು, ಯಂತ್ರಕ್ಕೆ ಈಗಲೂ ಗಾಳಿಗೆ ಸಿಗ್ನಲ್ ಬಿಡುವ ಶಕ್ತಿ ಇದೆಯಾ ಎನ್ನುವುದು. ಇದಕ್ಕೆ ಇಷ್ಟು ಮಹತ್ವ ಯಾಕೆ ಅಂತ ಕೇಳಬಹುದು. ಎಫ್‌ಎಂ ಬ್ಯಾಂಡ್ ಮುಗಿಯುವುದು 108 ಮೆಗಾಹರ್ಟ್ಸ್‌ನಲ್ಲಿ. ವಿಮಾನಗಳ ಬ್ಯಾಂಡ್ ಶುರುವಾಗುವುದೂ ಅಲ್ಲೇ. ವಿಮಾನ ಇಳಿಯುವಾಗ ರನ್‌ವೇಯ ನೇರಕ್ಕೆ ತರುವ ಸಿಗ್ನಲ್ 108ರಿಂದ 112ರ ನಡುವೆ ಇರುತ್ತದೆ. ಫಿಲ್ಟರ್ ಕೆಟ್ಟ, ಟ್ಯೂನಿಂಗ್ ತಪ್ಪಿದ ಹಳೆಯ ಎಫ್‌ಎಂ ಯಂತ್ರ ಆ ಜಾಗಕ್ಕೆ ಕಸ ಚೆಲ್ಲಬಲ್ಲದು. ಅನಧಿಕೃತ ಪ್ರಸಾರಕ್ಕೆ ಅಮೆರಿಕ 2020ರ ಕಾನೂನಿನಲ್ಲಿ ದಿನಕ್ಕೆ 1 ಲಕ್ಷ ಡಾಲರ್‌ವರೆಗೆ, ಒಟ್ಟು 20 ಲಕ್ಷ ಡಾಲರ್‌ವರೆಗೆ ದಂಡ ಇಟ್ಟಿದೆ. ಹಾಗೆ ನೋಡಿದರೆ ಟ್ರಾನ್ಸ್‌ಮಿಟರೇ ಬೇಕಿಲ್ಲ. 2004ರಲ್ಲಿ ಒರೆಗಾನ್ ರಾಜ್ಯದ ಒಂದು ಮನೆಯ ಟಿವಿ ಸೆಟ್ ದೋಷದಿಂದ 121.5 ಮೆಗಾಹರ್ಟ್ಸ್ ಹೊರಸೂಸಿತು. ಅದು ಅಪಾಯದಲ್ಲಿರುವವರು ನೆರವು ಕೇಳುವ ಫ್ರೀಕ್ವೆನ್ಸಿ. ಉಪಗ್ರಹ ಅದನ್ನು ಹಿಡಿಯಿತು, ರಕ್ಷಣಾ ತಂಡ ಬಾಗಿಲಿಗೇ ಬಂತು! ಒಂದು ಟಿವಿ ಇಷ್ಟು ಮಾಡಿದರೆ ಕಿಲೋವ್ಯಾಟ್ ಲೆಕ್ಕದ ಯಂತ್ರದ ಮಾತು ಹೇಳಬೇಕಾ?

ಮೂರನೆಯದು, ಒಳಗೆ ಏನಿದೆ ಎನ್ನುವುದು. ಗುಜರಿಯವರಿಗೆ ಗೊತ್ತಿಲ್ಲದ, ನಮಗೂ ಮರೆತಿರುವ ವಿಷಯ ಇದು.

ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಸಿಗ್ನಲ್ ಹೆಚ್ಚಿಸಲು ಬಳಸುತ್ತಿದ್ದ ನಿರ್ವಾತ ಕೊಳವೆ. ದೊಡ್ಡ ವಾಲ್ವ್‌ಗಳ ಬಿಳಿ ಪಿಂಗಾಣಿ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಹಳೆಯ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಪವರ್ ಟ್ರಾನ್ಸಿಸ್ಟರ್, ಡಮ್ಮಿ ಲೋಡ್‌ಗಳ (ಪರೀಕ್ಷೆಗೆ ಆಂಟೆನಾ ಬದಲು ಜೋಡಿಸುವ, ಸಿಗ್ನಲ್ ನುಂಗುವ ಸಾಧನ) ರೆಸಿಸ್ಟರ್‌ಗಳಲ್ಲೂ ಇರಬಹುದು. ಇಡಿಯಾಗಿದ್ದರೆ ತೊಂದರೆ ಇಲ್ಲ. ಒಡೆದು, ಉಜ್ಜಿ ಪುಡಿ ಎದ್ದರೆ ಶ್ವಾಸಕೋಶಕ್ಕೆ ಹೋಗಿ ವಾಸಿಯಾಗದ ಕಾಯಿಲೆ ತರಬಲ್ಲದು. ಹಳೆಯ ಪವರ್ ಸಪ್ಲೈಗಳಲ್ಲಿ 866, 872 ಎಂಬ ನಂಬರಿನ ಗಾಜಿನ ರೆಕ್ಟಿಫೈಯರ್‌ಗಳು (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಬರುತ್ತಿದ್ದವು. ಅವುಗಳ ಒಳಗೆ ಪಾದರಸ ಇರುತ್ತದೆ. ತಟ್ಟೆಗಳನ್ನು ಪೋಣಿಸಿದ ಹಾಗೆ ಕಾಣುವ ಸೆಲೆನಿಯಂ ರೆಕ್ಟಿಫೈಯರ್ ಸುಟ್ಟರೆ ಬರುವುದು ವಿಷದ ಹೊಗೆ. ಕೆಲವು ವಾಲ್ವ್‌ಗಳ ಫಿಲಮೆಂಟಿನಲ್ಲಿ ಸ್ವಲ್ಪ ಥೋರಿಯಂ ಬೆರೆತಿರುತ್ತದೆ, ಅದು ವಿಕಿರಣ ಸೂಸುವ ಲೋಹ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಭಯ ಪಿಸಿಬಿ ಎಣ್ಣೆಯದು. ಸರ್ಕ್ಯೂಟ್ ಬೋರ್ಡ್ ಅಲ್ಲ, ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ರಾಸಾಯನಿಕ. ಹಳೆಯ ಹೈ ವೋಲ್ಟೇಜ್ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಭಾಗ), ಟ್ರಾನ್ಸ್‌ಫಾರ್ಮರ್‌ಗಳ ಒಳಗೆ ಇದನ್ನು ತುಂಬುತ್ತಿದ್ದರು. ಅಮೆರಿಕದಲ್ಲಿ ಇದರ ತಯಾರಿಕೆ 1979ರಲ್ಲಿ ನಿಷೇಧವಾಯಿತು. ಅದಕ್ಕಿಂತ ಹಳೆಯ ಯಂತ್ರದ ಲೇಬಲ್ ಮೇಲೆ ಆಸ್ಕರೆಲ್, ಪೈರನಾಲ್, ಇನರ್ಟೀನ್ ಎಂಬ ಹೆಸರು ಕಂಡರೆ ಅಲ್ಲೇ ಕೈ ನಿಲ್ಲಿಸಿ. ಲೇಬಲ್ ಇಲ್ಲದಿದ್ದರೂ ಎಣ್ಣೆ ಪರೀಕ್ಷೆ ಆಗುವವರೆಗೆ ಇದೆ ಎಂದೇ ತಿಳಿಯಿರಿ. ಇದನ್ನು ಸರಿಯಾದ ಬಿಸಿ ಇಲ್ಲದೆ ಸುಟ್ಟರೆ ಡಯಾಕ್ಸಿನ್ ಎಂಬ ಇನ್ನೂ ಕಡು ವಿಷ ಹುಟ್ಟುತ್ತದೆ. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಬಗೆಗಿನ 2001ರ ಸ್ಟಾಕ್‌ಹೋಮ್ ಒಪ್ಪಂದದ ಗುರಿ ಎಂದರೆ 2025ರೊಳಗೆ ಇಂಥ ಉಪಕರಣಗಳನ್ನು ಬಳಕೆಯಿಂದ ತೆಗೆಯಬೇಕು, 2028ರೊಳಗೆ ಆ ಕಸವನ್ನು ಸುರಕ್ಷಿತವಾಗಿ ಮುಗಿಸಬೇಕು. ಅಂದರೆ ಪಿಸಿಬಿ ಇರುವ ಯಂತ್ರಕ್ಕೆ ಮರುಮಾರಾಟದ ಆಯ್ಕೆಯೇ ಇಲ್ಲ ಎಂದು ಲೆಕ್ಕ ಹಾಕಿ.

ನಾಲ್ಕನೆಯದು, ಯಂತ್ರದ ನೆನಪಿನಲ್ಲಿ ಉಳಿದಿರುವುದು. ಹೊಸ ತಲೆಮಾರಿನ ಎನ್‌ಕೋಡರ್, ಸ್ಟುಡಿಯೋ ಲಿಂಕ್, ರಿಮೋಟ್ ಕಂಟ್ರೋಲ್ ಪೆಟ್ಟಿಗೆಗಳಲ್ಲಿ ನೆಟ್‌ವರ್ಕ್ ವಿಳಾಸ, ಪಾಸ್‌ವರ್ಡ್ ಎಲ್ಲ ಕೂತಿರುತ್ತದೆ. 2013ರ ಫೆಬ್ರವರಿಯಲ್ಲಿ ಅಮೆರಿಕದ ಮೊಂಟಾನಾದ ಟಿವಿ ಕೇಂದ್ರವೊಂದರ ತುರ್ತು ಎಚ್ಚರಿಕೆ ಯಂತ್ರಕ್ಕೆ ಹೊರಗಿನವರು ನುಗ್ಗಿ, ಸತ್ತವರು ಗೋರಿಯಿಂದ ಎದ್ದು ಬರುತ್ತಿದ್ದಾರೆ ಎಂದು ಪ್ರಸಾರ ಮಾಡಿಬಿಟ್ಟರು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟದ್ದು ದಾರಿ ಮಾಡಿಕೊಟ್ಟಿತ್ತು. ನೀವು ಮಾರಿದ ಪೆಟ್ಟಿಗೆಯಲ್ಲಿ ಈಗಲೂ ಚಾಲ್ತಿಯಲ್ಲಿರುವ ಪಾಸ್‌ವರ್ಡ್ ಇದ್ದರೆ ಅದಕ್ಕಿಂತ ಸುಲಭ.

ಕೊನೆಗೆ ಹಣ ಮತ್ತು ಕಾಗದ. ಹಣ ಎಂದಾಗ ಕೈಗೆ ಬರುವ ಮೊತ್ತ ನೋಡಬೇಡಿ. ಬಿಚ್ಚುವ ಕೂಲಿ, ಕ್ರೇನ್, ಸಾಗಣೆ, ಎಣ್ಣೆ ಪರೀಕ್ಷೆಯ ಖರ್ಚು ಕಳೆದು ಉಳಿಯುವುದನ್ನು ನೋಡಿ. ಕಾಗದ ಎಂದರೆ ಸಾಮಾನು ಹೋದ ಮೇಲೆ "ಇದು ನನ್ನದಲ್ಲ, ಇಂಥ ದಿನ ಇಂಥವರಿಗೆ ಕೊಟ್ಟೆ" ಎಂದು ತೋರಿಸಲು ನಿಮ್ಮ ಬಳಿ ಏನು ಉಳಿಯುತ್ತದೆ ಎನ್ನುವುದು.

ಇಟ್ಟುಕೊಳ್ಳುವುದು, ಬದಲಾಯಿಸಿ ಬಳಸುವುದು

ವೈರ್‌ಲೆಸ್ ಮೈಕ್ ಇರುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಕೆಲವು ಮಾದರಿಗಳನ್ನು ತಯಾರಕರೇ ಬೇರೆ ಬ್ಯಾಂಡ್‌ಗೆ ಬದಲಾಯಿಸಿ ಕೊಡುತ್ತಾರೆ. ಕೆಲವಕ್ಕೆ ಟ್ಯೂನಿಂಗ್ ವ್ಯಾಪ್ತಿ ಅಗಲವಾಗಿರುತ್ತದೆ, ನಿಷೇಧವಾದ ಭಾಗ ಬಿಟ್ಟು ಉಳಿದದ್ದರಲ್ಲಿ ಓಡಿಸಬಹುದು. ಅಂಗಡಿಯ ಮೆಕ್ಯಾನಿಕ್ ಕೈಯಲ್ಲಿ ಬದಲಾಯಿಸಿದರೆ ಮಾತ್ರ ಆ ಮಾದರಿಗೆ ಸಿಕ್ಕಿದ್ದ ಮಾನ್ಯತೆ ಬಿದ್ದುಹೋಗಬಹುದು.

ಟ್ರಾನ್ಸ್‌ಮಿಟರ್ ಅನ್ನು ಸ್ಟ್ಯಾಂಡ್‌ಬೈ ಆಗಿ ಇಟ್ಟುಕೊಳ್ಳುವುದು ಲೈಸೆನ್ಸ್ ಚಾಲ್ತಿಯಲ್ಲಿರುವ ಕೇಂದ್ರಕ್ಕೆ ಒಳ್ಳೆಯ ಯೋಚನೆ. ಹೊಸದು ಕೈಕೊಟ್ಟ ದಿನ ಹಳೆಯದು ಮಾನ ಉಳಿಸುತ್ತದೆ. ಆದರೆ ತಿಂಗಳಿಗೊಮ್ಮೆ ಡಮ್ಮಿ ಲೋಡ್ ಮೇಲೆ ಓಡಿಸಿ ನೋಡದ ಸ್ಟ್ಯಾಂಡ್‌ಬೈ ಸ್ಟ್ಯಾಂಡ್‌ಬೈಯೇ ಅಲ್ಲ. ಬೇಕಾದ ದಿನ ಅದು ಏಳುವುದಿಲ್ಲ.

ಬಿಡಿಭಾಗಕ್ಕೆ ಎಂದು ಇಟ್ಟುಕೊಳ್ಳುವುದು ಇನ್ನೊಂದು ಬಗೆ. ಅದೇ ಮಾದರಿಯ ಇನ್ನೊಂದು ಯಂತ್ರ ನಿಮ್ಮಲ್ಲಿ ಓಡುತ್ತಿದ್ದರೆ ಮಾತ್ರ ಇದಕ್ಕೆ ಅರ್ಥ ಇದೆ. ಇಲ್ಲದಿದ್ದರೆ ಅದು ಮುಂದೂಡಿದ ನಿರ್ಧಾರ ಅಷ್ಟೇ, ಅಲ್ವಾ? ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕಾದ ದೇಶದಲ್ಲಿ ಹೀಗೆ ಮುಂದೂಡುವುದೂ ನಿಯಮಭಂಗ.

ಕಂಪನಿಗೆ ವಾಪಸ್ ಕೊಡುವುದು

ಹೊಸದು ಕೊಳ್ಳುವವರಿಗೆ ಇದು ಬಹಳ ಸಲ ನೆಮ್ಮದಿಯ ದಾರಿ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಮೈಕ್‌ಗಳು ಹೋದಾಗ ತಯಾರಕರು ಹಳೆಯದಕ್ಕೆ ರಿಬೇಟ್ ಕೊಟ್ಟರು. ಬ್ರಿಟನ್ನಿನಲ್ಲಿ 700 ಮೆಗಾಹರ್ಟ್ಸ್ ಖಾಲಿ ಮಾಡಿಸಿದಾಗ ಸರ್ಕಾರದ ದುಡ್ಡಿನಲ್ಲೇ ಪರಿಹಾರ ಯೋಜನೆ ಬಂತು, ಹಳೆಯ ಮೈಕ್ ಒಪ್ಪಿಸಿದವರಿಗೆ ಹೊಸದರ ಖರ್ಚಿನ ಒಂದು ಪಾಲು ಸಿಕ್ಕಿತು. ನನ್ನ ಮಟ್ಟಿಗೆ ಕಾನೂನು ರೂಪಿಸುವವರು ಕಲಿಯಬೇಕಾದ ಪಾಠ ಇದು. ನಿಷೇಧ ಮಾತ್ರ ಹಾಕಿದರೆ ಸಾಮಾನು ಕಾಳಸಂತೆಗೆ ಹೋಗುತ್ತದೆ. ಒಪ್ಪಿಸಿದವರಿಗೆ ಏನಾದರೂ ಕೊಟ್ಟರೆ ತಾನಾಗಿ ವಾಪಸ್ ಬರುತ್ತದೆ.

ಕೊರತೆಯೂ ಇದೆ. ಇಂಥ ಯೋಜನೆಗಳಿಗೆ ಗಡುವು ಇರುತ್ತದೆ. ತಪ್ಪಿದರೆ ಮುಗಿಯಿತು. ಹೊಸದು ಕೊಳ್ಳಲು ದುಡ್ಡಿಲ್ಲದವರಿಗೆ ರಿಬೇಟ್‌ನಿಂದ ಏನೂ ಉಪಯೋಗವಿಲ್ಲ. ವಾಪಸ್ ಪಡೆದದ್ದನ್ನು ನಾಶ ಮಾಡುತ್ತಾರಾ, ಬೇರೆ ದೇಶಕ್ಕೆ ಮಾರುತ್ತಾರಾ ಎಂದು ಕೇಳಿ ತಿಳಿದುಕೊಳ್ಳಿ. ದೊಡ್ಡ ವಾಲ್ವ್‌ಗಳಿಗೆ ಒಂದು ಅನುಕೂಲ ಇದೆ. ಸುಟ್ಟ ವಾಲ್ವ್‌ಗಳನ್ನು ಕೊಂಡು, ಒಳಗಿನ ಭಾಗ ಬದಲಾಯಿಸಿ ಮತ್ತೆ ಮಾರುವ ಉದ್ಯಮವೇ ಇದೆ. ಹಾಗಾಗಿ ಸತ್ತ ದೊಡ್ಡ ವಾಲ್ವ್ ಅಂದರೆ ಕಸ ಎಂದುಕೊಳ್ಳಬೇಡಿ, ಅದರ ಚಿಪ್ಪಿಗೂ ಬೆಲೆ ಇದೆ.

ಇನ್ನೊಂದು ಕೇಂದ್ರಕ್ಕೆ ನೇರವಾಗಿ ಮಾರುವುದು

ಯಂತ್ರ ಸುಸ್ಥಿತಿಯಲ್ಲಿದೆ, ಮಾದರಿಗೆ ಮಾನ್ಯತೆ ಇದೆ, ಕೊಳ್ಳುವವರಿಗೆ ಲೈಸೆನ್ಸ್ ಇದೆ. ಈ ಮೂರೂ ಸೇರಿದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಣ ಜಾಸ್ತಿ ಸಿಗುತ್ತದೆ, ಯಂತ್ರದ ಆಯಸ್ಸೂ ಪೂರ್ತಿ ಬಳಕೆಯಾಗುತ್ತದೆ. ಕೆಲಸ ಮಾತ್ರ ನಿಮ್ಮ ತಲೆ ಮೇಲೆ. ಕೊಳ್ಳುವವರ ಲೈಸೆನ್ಸ್ ಪ್ರತಿ ಕೇಳಬೇಕು. ಅದರಲ್ಲಿರುವ ಫ್ರೀಕ್ವೆನ್ಸಿ, ಶಕ್ತಿಯ ಮಿತಿ ಈ ಯಂತ್ರಕ್ಕೆ ಹೊಂದುತ್ತದಾ ನೋಡಬೇಕು. 100 ವ್ಯಾಟ್ ಲೈಸೆನ್ಸ್ ಇರುವವರು 5 ಕಿಲೋವ್ಯಾಟ್ ಯಂತ್ರ ಕೇಳಿದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಕೊಳ್ಳುವವರ ಕಡೆಯಿಂದಲೂ ಒಂದು ಲೆಕ್ಕ ಹೇಳುತ್ತೇನೆ. 10 ಕಿಲೋವ್ಯಾಟ್ ಹೊರಗೆ ಬಿಡುವ ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್‌ನ ದಕ್ಷತೆ ಶೇ 50 ಎಂದುಕೊಳ್ಳಿ. ಅದು ಎಳೆಯುವುದು 20 ಕಿಲೋವ್ಯಾಟ್. ಶೇ 85 ದಕ್ಷತೆಯ ಹೊಸ ಯಂತ್ರಕ್ಕೆ ಸುಮಾರು 11.8 ಸಾಕು. ದಿನವಿಡೀ ಓಡಿದರೆ ವ್ಯತ್ಯಾಸ ದಿನಕ್ಕೆ ಸುಮಾರು 200 ಯುನಿಟ್ ಕರೆಂಟ್. ಉಳಿದ ಅರ್ಧ ಶಾಖವಾಗಿ ಹೋಗುವುದರಿಂದ ತಂಪು ಮಾಡುವ ಖರ್ಚು ಬೇರೆ. ಬಿಟ್ಟಿ ಸಿಕ್ಕರೂ ಇದು ಸಣ್ಣ ಕೇಂದ್ರವನ್ನು ಹಿಂಡಿಬಿಡುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಪ್ರಸಾರ ಮಾಡುವವರಿಗೆ, ಸ್ಟ್ಯಾಂಡ್‌ಬೈಗೆ ಬೇಕಾದವರಿಗೆ ಈ ಲೆಕ್ಕ ಬೇರೆಯಾಗುತ್ತದೆ.

ಆನ್‌ಲೈನ್ ಮಾರಾಟ, ಹರಾಜು

ಇಲ್ಲಿ ಬೇಗ ಮಾರಿಹೋಗುತ್ತದೆ, ಬೆಲೆಯೂ ಪರವಾಗಿಲ್ಲ. ಆದರೆ ಯಾರಿಗೆ ಹೋಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಸಿಗ್ನಲ್ ಬಿಡುವ ಸಾಮಾನಿಗೆ ಇದು ನನಗೆ ಒಪ್ಪುವ ದಾರಿಯಲ್ಲ.

ಅದರಲ್ಲೂ ಎಕ್ಸೈಟರ್ ವಿಷಯದಲ್ಲಿ ಹುಷಾರು. ದೊಡ್ಡ ಎಫ್‌ಎಂ ಟ್ರಾನ್ಸ್‌ಮಿಟರ್‌ನ ಒಳಗೆ ಕೂತಿರುವ ಈ ಸಣ್ಣ ಪೆಟ್ಟಿಗೆಯೇ ಒಂದು ಪೂರ್ತಿ ಟ್ರಾನ್ಸ್‌ಮಿಟರ್. ಹತ್ತಿಪ್ಪತ್ತು ವ್ಯಾಟ್ ಹೊರಗೆ ಬಿಡುತ್ತದೆ. ಹೆಚ್ಚಿನವನ್ನು ಮುಂದಿನ ಬಟನ್ ಒತ್ತಿ 87.5ರಿಂದ 108ರವರೆಗೆ ಎಲ್ಲಿಗೆ ಬೇಕಾದರೂ ತಿರುಗಿಸಬಹುದು. ದೊಡ್ಡ ಪೆಟ್ಟಿಗೆಯನ್ನು ಜೋಪಾನವಾಗಿ ಗುಜರಿಗೆ ಹಾಕಿ, ಎಕ್ಸೈಟರ್ ಅನ್ನು "ಬಿಡಿಭಾಗ" ಎಂದು ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಕದ್ದು ಪ್ರಸಾರ ಮಾಡುವವರಿಗೆ ಬೇಕಾದದ್ದು ಅದೇ, ದೊಡ್ಡ ಪೆಟ್ಟಿಗೆ ಅಲ್ಲ.

ಹಾಗಂತ ಆನ್‌ಲೈನ್ ಪೂರ್ತಿ ಬೇಡ ಎನ್ನುತ್ತಿಲ್ಲ. ರ್‍ಯಾಕ್, ಮಿಕ್ಸರ್, ಆಡಿಯೋ ಪ್ರೊಸೆಸರ್, ಮೀಟರ್, ಆಂಟೆನಾಗೆ ಸಿಗ್ನಲ್ ಒಯ್ಯುವ ಫೀಡರ್ ಕೇಬಲ್, ಆಂಟೆನಾ ಇವು ತಾವಾಗಿ ಸಿಗ್ನಲ್ ಹುಟ್ಟಿಸುವುದಿಲ್ಲ. ಇವನ್ನು ಧಾರಾಳವಾಗಿ ಮಾರಿ. ಟ್ಯೂನಿಂಗ್‌ಗೆ ಬಳಸುವ ವ್ಯಾಕ್ಯೂಮ್ ವೇರಿಯಬಲ್ ಕೆಪಾಸಿಟರ್‌ಗೆ ಹ್ಯಾಮ್‌ಗಳಲ್ಲಿ, ಅಂದರೆ ಹವ್ಯಾಸಕ್ಕೆ ರೇಡಿಯೋ ಓಡಿಸುವವರಲ್ಲಿ, ಯಾವಾಗಲೂ ಬೇಡಿಕೆ ಇದೆ. ತೂಕಕ್ಕೆ ಹಾಕಿದರೆ ಆ ಬೆಲೆಯ ಸಣ್ಣದೊಂದು ಪಾಲು ಮಾತ್ರ ಬರುತ್ತದೆ.

ದಾನ: ಹ್ಯಾಮ್, ಕಾಲೇಜು, ಮ್ಯೂಸಿಯಂ

ಮೂರೂ ಒಂದೇ ಅಲ್ಲ. ಹ್ಯಾಮ್‌ಗಳಿಗೆ ಹವ್ಯಾಸಿ ಲೈಸೆನ್ಸ್ ಇರುತ್ತದೆ, ಹೈ ವೋಲ್ಟೇಜ್ ಜೊತೆ ಪಳಗಿದವರೂ ಇರುತ್ತಾರೆ. ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು 1.8 ಅಥವಾ 3.5 ಮೆಗಾಹರ್ಟ್ಸ್ ಸುತ್ತಲಿನ ಹವ್ಯಾಸಿ ಬ್ಯಾಂಡ್‌ಗೆ ತಿರುಗಿಸಿಕೊಂಡು ಓಡಿಸುವವರಿದ್ದಾರೆ. ಅವರ ಲೈಸೆನ್ಸಿನ ಶಕ್ತಿಯ ಮಿತಿ ಎಷ್ಟು ಎಂದು ಮಾತ್ರ ಕೇಳಿ.

ಕಾಲೇಜಿಗೆ ಕೊಡುವುದಾದರೆ ಓಡುವ ಸ್ಥಿತಿಯಲ್ಲಿ ಕೊಡಬೇಡಿ. ವಿದ್ಯಾರ್ಥಿಗಳು ಕಲಿಯುವುದಕ್ಕೆ ಸರ್ಕ್ಯೂಟ್ ನೋಡಿದರೆ ಸಾಕು, ಸಾವಿರಾರು ವೋಲ್ಟ್ ಬೇಕಿಲ್ಲ. ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ತೆಗೆದು, ಕೆಪಾಸಿಟರ್‌ಗಳ ಎರಡೂ ತುದಿ ತಂತಿಯಿಂದ ಸೇರಿಸಿ ಶಾರ್ಟ್ ಮಾಡಿ ಕೊಡಿ. ಒಮ್ಮೆ ಡಿಸ್ಚಾರ್ಜ್ ಮಾಡಿದ ದೊಡ್ಡ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ಮತ್ತೆ ವೋಲ್ಟೇಜ್ ತಾನಾಗಿ ಏಳುತ್ತದೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಶಾರ್ಟ್ ಮಾಡಿದ ತಂತಿ ಹಾಗೇ ಇರಲಿ.

ಮ್ಯೂಸಿಯಂನವರಿಗೆ ಬೇಕಾದದ್ದು ಕಥೆ. ಯಂತ್ರದ ಜೊತೆ ಲಾಗ್ ಪುಸ್ತಕ, ಸರ್ಕ್ಯೂಟ್ ನಕ್ಷೆ, ಹಳೆಯ ಫೋಟೋ ಇದ್ದರೆ ತೆಗೆದುಕೊಳ್ಳುತ್ತಾರೆ. ಬರೀ ಪೆಟ್ಟಿಗೆ ಕೊಟ್ಟರೆ ಜಾಗ ಇಲ್ಲ ಎನ್ನುತ್ತಾರೆ, ತಪ್ಪಿಲ್ಲ.

ಬೇರೆ ದೇಶದ ಬಡ ಕೇಂದ್ರಕ್ಕೆ ಕಳಿಸುವ ಆಸೆ ಕೆಲವರಿಗೆ ಇರುತ್ತದೆ. ಮನಸ್ಸು ಒಳ್ಳೆಯದೇ. ಆದರೆ ಅಪಾಯಕಾರಿ ಕಸ ಗಡಿ ದಾಟುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದಲ್ಲಿ 2025ರ ಜನವರಿ 1ರಿಂದ ಇ-ತ್ಯಾಜ್ಯ ಅಪಾಯಕಾರಿ ಇರಲಿ, ಇಲ್ಲದಿರಲಿ, ಗಡಿ ದಾಟುವ ಮೊದಲು ಆ ಕಡೆಯ ದೇಶದ ಒಪ್ಪಿಗೆ ಬೇಕು. ಓಡದ ಯಂತ್ರವನ್ನು "ಬಳಸಿದ ಸಾಮಾನು" ಎಂದು ಬರೆದು ಕಳಿಸಿದರೆ ಅದು ದಾನವಲ್ಲ, ಕಸದ ರಫ್ತು. ಐರೋಪ್ಯ ಒಕ್ಕೂಟದ 2012ರ ನಿಯಮದಲ್ಲಿ ಬಳಸಿದ ಸಾಮಾನು ಎಂದು ಹೇಳಬೇಕಾದರೆ ಪರೀಕ್ಷೆ ಮಾಡಿದ ದಾಖಲೆ ಇರಬೇಕು, ಸಾಗಣೆಯಲ್ಲಿ ಹಾಳಾಗದ ಪ್ಯಾಕಿಂಗೂ ಇರಬೇಕು. ಮೇಲಿನ ಕರೆಂಟ್ ಲೆಕ್ಕವನ್ನೂ ಅವರಿಗೆ ತೋರಿಸಿ, ಆಮೇಲೆ ಬೇಕಾ ಎಂದು ಕೇಳಿ.

ಗುಜರಿ ಮತ್ತು ಅಧಿಕೃತ ರೀಸೈಕ್ಲರ್

ಗುಜರಿಯವರು ಬಂದು, ತೂಕ ಹಾಕಿ, ಕೈಗೆ ದುಡ್ಡು ಕೊಟ್ಟು, ಸಂಜೆಯೊಳಗೆ ರೂಮು ಖಾಲಿ ಮಾಡುತ್ತಾರೆ. ಇಷ್ಟು ಸಲೀಸು ಬೇರೆ ಯಾವುದೂ ಇಲ್ಲ. ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ ಲೇಪದ ಹಿತ್ತಾಳೆ ಎಲ್ಲಕ್ಕೂ ಬೆಲೆ ಇರುವುದರಿಂದ ದೊಡ್ಡ ಯಂತ್ರಕ್ಕೆ ಒಳ್ಳೆಯ ಮೊತ್ತವೇ ಸಿಗುತ್ತದೆ. ಟವರ್, ಕ್ಯಾಬಿನೆಟ್, ಫೀಡರ್ ಲೈನ್‌ಗೆ ಇದು ಸರಿಯಾದ ಜಾಗ. ಕೇಬಲ್ ಸುಟ್ಟು ತಾಮ್ರ ತೆಗೆಯುವವರಿಗೆ ಮಾತ್ರ ಕೊಡಬೇಡಿ.

ಉಳಿದದ್ದಕ್ಕೆ ಬೇಡ. ಸುತ್ತಿಗೆಯಿಂದ ವಾಲ್ವ್ ಒಡೆಯುವವರಿಗೆ ಬೆರಿಲಿಯಂ ಬಗ್ಗೆ ಯಾರೂ ಹೇಳಿರುವುದಿಲ್ಲ. ಕೆಪಾಸಿಟರ್ ಕೊಯ್ದು ಎಣ್ಣೆ ನೆಲಕ್ಕೆ ಸುರಿಯುವವರಿಗೆ ಪಿಸಿಬಿ ಗೊತ್ತಿರುವುದಿಲ್ಲ. ಇನ್ನೊಂದು ವಿಚಿತ್ರ ನೋಡಿ. ಗುಜರಿಗೆ ಹೋದ ಯಂತ್ರ ಒಡೆದೇ ಹೋಗುತ್ತದೆ ಎಂದು ನಾವು ನಂಬುತ್ತೇವೆ. ತೂಕದ ಬೆಲೆಗಿಂತ ಜಾಸ್ತಿ ಕೊಡುವವರು ಬಂದರೆ ಅವರು ಯಾಕೆ ಒಡೆಯುತ್ತಾರೆ? ಹಾಗೇ ಮಾರುತ್ತಾರೆ. ಅಂದರೆ ಯಂತ್ರ ಓಡುತ್ತದೆ ಎನ್ನುವ ಅಪಾಯವೂ, ಒಳಗಿನ ವಿಷದ ಅಪಾಯವೂ ಎರಡೂ ಸೇರಿ ಬರುವ ಆಯ್ಕೆ ಇದೊಂದೇ.

ಅಧಿಕೃತ ರೀಸೈಕ್ಲರ್ ಇದರ ಇನ್ನೊಂದು ತುದಿ. ಕೆಲವು ಸಲ ನೀವೇ ದುಡ್ಡು ಕೊಡಬೇಕಾಗುತ್ತದೆ, ಪಿಸಿಬಿ ಇದ್ದರಂತೂ ಖಂಡಿತ. ಬದಲಿಗೆ ನಾಶ ಮಾಡಿದ ಪ್ರಮಾಣಪತ್ರ ಸಿಗುತ್ತದೆ. ಅನುಮತಿ ಪತ್ರದಲ್ಲಿ ಯಾವ ಬಗೆಯ ಕಸಕ್ಕೆ ಒಪ್ಪಿಗೆ ಇದೆ ಎಂದು ಓದಿ. ಕಂಪ್ಯೂಟರ್, ಫೋನ್ ತೆಗೆದುಕೊಳ್ಳುವ ಎಲ್ಲರಿಗೂ ಪಿಸಿಬಿ, ಪಾದರಸ ಮುಟ್ಟುವ ಅನುಮತಿ ಇರುವುದಿಲ್ಲ. ಯುಪಿಎಸ್ ಬ್ಯಾಟರಿಗಳ ದಾರಿಯೂ ಬೇರೆ. ಪ್ರಮಾಣಪತ್ರದಲ್ಲಿ ಬರೀ "ಎಲೆಕ್ಟ್ರಾನಿಕ್ ಸಾಮಾನು, ಇಷ್ಟು ಕಿಲೋ" ಎಂದಿದ್ದರೆ ಒಪ್ಪಬೇಡಿ. ಸೀರಿಯಲ್ ನಂಬರ್ ಬರೆಸಿ.

ನಿಮಗೆ ಯಾವುದು

ರಂಗಮಂದಿರ, ಪ್ರಾರ್ಥನಾ ಮಂದಿರ, ಬಾಡಿಗೆ ಸೌಂಡ್‌ನವರು, ಹತ್ತಾರು ಮೈಕ್: ಮೊದಲು ಬ್ಯಾಂಡ್ ಬದಲಾವಣೆ ವಿಚಾರಿಸಿ, ಆಗದಿದ್ದರೆ ರಿಬೇಟ್, ಅದೂ ಇಲ್ಲದಿದ್ದರೆ ರೀಸೈಕ್ಲರ್. ನಿಷೇಧವಾದ ಬ್ಯಾಂಡಿನ ಮೈಕ್ ಅನ್ನು ಕಡಿಮೆ ಬೆಲೆಗೆ ಪರಿಚಿತರಿಗೆ ಮಾರುವುದೆಂದರೆ ಅವರಿಗೆ ತೊಂದರೆ ಮಾರಿದ ಹಾಗೆ.

ಸಣ್ಣ ಎಫ್‌ಎಂ ಕೇಂದ್ರ, ಟ್ರಾನ್ಸಿಸ್ಟರ್ ಯಂತ್ರ, ಕೈಯಲ್ಲಿ ದುಡ್ಡು ಕಡಿಮೆ: ನೇರ ಮಾರಾಟಕ್ಕೆ ಪ್ರಯತ್ನಿಸಿ. ಆರು ತಿಂಗಳು ಕಾಯುವ ತಾಳ್ಮೆ ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರಿ ನಡುವಿನ ಖರ್ಚು ನೀಗಿಸಬಹುದು. ಯಂತ್ರ ಮಾರುವವರೆಗೆ ಎಕ್ಸೈಟರ್ ಅನ್ನು ಬಿಚ್ಚಿ ಬೀಗದೊಳಗೆ ಇಡಿ.

1980ಕ್ಕಿಂತ ಹಳೆಯ ವಾಲ್ವ್ ಯಂತ್ರ: ಬೇರೆ ಏನೂ ಯೋಚಿಸುವ ಮೊದಲು ಎಣ್ಣೆ ಪರೀಕ್ಷೆ. ಪಿಸಿಬಿ ಇದ್ದರೆ ರೀಸೈಕ್ಲರ್, ಬೇರೆ ಮಾತಿಲ್ಲ. ಇಲ್ಲದಿದ್ದರೆ ವಾಲ್ವ್, ವೇರಿಯಬಲ್ ಕೆಪಾಸಿಟರ್‌ಗಳನ್ನು ಇಡಿಯಾಗಿ ತೆಗೆದು ಹ್ಯಾಮ್‌ಗಳಿಗೆ, ಪಾದರಸದ ರೆಕ್ಟಿಫೈಯರ್ ರೀಸೈಕ್ಲರ್‌ಗೆ, ಖಾಲಿ ಕ್ಯಾಬಿನೆಟ್ ಗುಜರಿಗೆ. ಅಪರೂಪದ ಮಾದರಿಯಾದರೆ ಬಿಚ್ಚುವ ಮೊದಲೇ ಮ್ಯೂಸಿಯಂಗೆ ಒಂದು ಪತ್ರ ಹಾಕಿ.

ಹಲವು ಕೇಂದ್ರಗಳಿರುವ ದೊಡ್ಡ ಸಂಸ್ಥೆ: ಬಿಡಿಭಾಗಕ್ಕೆ ಒಂದೆರಡು ಇಟ್ಟುಕೊಂಡು ಉಳಿದದ್ದಕ್ಕೆ ಟೆಂಡರ್ ಕರೆಯಿರಿ. ಟೆಂಡರಿನಲ್ಲಿ ಸಿಗ್ನಲ್ ಬಿಡುವ ಭಾಗ ಮತ್ತು ವಿಷದ ಭಾಗಗಳನ್ನು ಬೇರೆ ಲಾಟ್ ಮಾಡಿ. ಅತಿ ಹೆಚ್ಚು ಬೆಲೆ ಹೇಳಿದವರಿಗೇ ಕೊಡಬೇಕು ಎಂಬ ನಿಯಮ ಇದ್ದರೆ, ಯಾರು ಬಿಡ್ ಹಾಕಬಹುದು ಎಂಬ ಅರ್ಹತೆಯಲ್ಲೇ ಲೈಸೆನ್ಸ್ ಮತ್ತು ರೀಸೈಕ್ಲಿಂಗ್ ಅನುಮತಿ ಸೇರಿಸಿಬಿಡಿ.

ಯಾವ ದಾರಿ ಹಿಡಿದರೂ ಒಂದು ಹಸ್ತಾಂತರ ಪತ್ರ ಬರೆಯಿರಿ. ಅದರಲ್ಲಿ ಇರಬೇಕಾದದ್ದು: ಮಾದರಿ, ಸೀರಿಯಲ್ ನಂಬರ್, ದಿನಾಂಕ. ಯಂತ್ರ ಓಡುವ ಸ್ಥಿತಿಯಲ್ಲಿದೆಯಾ, ನಿಷ್ಕ್ರಿಯ ಮಾಡಿದ್ದಾ, ಯಾವ ಭಾಗ ತೆಗೆದಿದ್ದು. ಪಡೆಯುವವರ ಲೈಸೆನ್ಸ್ ಅಥವಾ ಅನುಮತಿ ಸಂಖ್ಯೆ. ಒಳಗಿರುವ ಅಪಾಯದ ವಸ್ತುಗಳ ಹೆಸರು. ಪಾಸ್‌ವರ್ಡ್, ಸೆಟ್ಟಿಂಗ್ ಅಳಿಸಿದ್ದೇವೆ ಎಂಬ ಒಂದು ಸಾಲು. ಇಬ್ಬರ ಸಹಿ. ಯಂತ್ರದ ಮೇಲಿನ ಸೀರಿಯಲ್ ನಂಬರ್ ಪಟ್ಟಿಯ ಫೋಟೋ ಜೊತೆಗಿರಲಿ. ಇದರ ಒಂದು ಪ್ರತಿಯನ್ನು ಸ್ಪೆಕ್ಟ್ರಮ್ ಇಲಾಖೆಗೆ ಕಳಿಸಿ, ನಿಮ್ಮ ಲೈಸೆನ್ಸ್ ಕಡತದಿಂದ ಆ ಸೀರಿಯಲ್ ನಂಬರ್ ತೆಗೆಯಲು ಕೇಳಿ. ತೆಗೆದಿದ್ದೇವೆ ಎಂಬ ಉತ್ತರ ಬರುವವರೆಗೆ ಆ ಯಂತ್ರ ದಾಖಲೆಯಲ್ಲಿ ನಿಮ್ಮದೇ.